ನಳ ಬಂದ ದಿನ ಆರ್ಕಿಡ್‌ಗೂ ನೀರು

ಉಣಕಲ್ ಕೆರೆಗೆ ಒಂದು ಸುತ್ತು ಹಾಕಿ ಚಹಾದಂಗಡಿಗೆ ಬಂದರೆ, ಬೆಂಚಿನ ಮೇಲೆ ಮಿರ್ಚಿ ತಟ್ಟೆಯ ಪಕ್ಕ ಒಂದು ಪಿಂಗಾಣಿ ಕುಂಡ ಕೂತಿತ್ತು. ನಾಲ್ಕು ದಪ್ಪ ಎಲೆ, ನಡುವೆ ಒಂದು ಬೋಳು ಕಡ್ಡಿ.

"ಗೃಹಪ್ರವೇಶಕ್ಕೆ ಬಂದ ಉಡುಗೊರೆ. ಎರಡು ತಿಂಗಳು ಹೂವು ಬಾಡಲೇ ಇಲ್ಲ. ಪ್ಲಾಸ್ಟಿಕ್ ಇರಬೇಕು ಅಂತ ಬೀಗರು ಚಿವುಟಿಯೇ ನೋಡಿದರು. ಈಗ ಎಲ್ಲಾ ಉದುರಿದೆ. ಸತ್ತಿದೆಯೋ ಬದುಕಿದೆಯೋ ಹೇಳ್ರಿ" ಎಂದರು ಬ್ಯಾಂಕ್ ಸಾಹೇಬರು.

"ಪೋಸ್ಟ್‌ಮಾರ್ಟಂ ರಿಪೋರ್ಟ್ ಬರಲಿ, ಆಮೇಲೆ ಮಾತಾಡೋಣ" ಎಂದರು ವಕೀಲರು.

ಕಾಕಾಗೆ ಅಷ್ಟು ತಾಳ್ಮೆ ಎಲ್ಲಿ? "ನವಲಗುಂದದ ಎರೆಮಣ್ಣು ಒಂದು ಬುಟ್ಟಿ, ತಿಪ್ಪೆಗೊಬ್ಬರ ಎರಡು ಬೊಗಸೆ. ಹೆಂಗೆ ಏಳೋದಿಲ್ಲ ನೋಡೋಣ!"

ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮಾಸ್ತರು ಚಹಾ ಕಪ್ಪು ಕೆಳಗಿಟ್ಟರು. "ಏಳೋದಿಲ್ಲ, ಕೊಳೆಯುತ್ತದೆ. ಇದು ಫೆಲನಾಪ್ಸಿಸ್ ಅನ್ನೋ ಆರ್ಕಿಡ್. ಕಾಡಿನಲ್ಲಿ ಮರದ ಮೇಲೆ ಬೆಳೆಯುವ ಜಾತಿ. ಬೇರಿಗೆ ಗಾಳಿಯಾಡಬೇಕು. ತೊಗಟೆ ಚೂರು, ಇದ್ದಿಲು, ತೆಂಗಿನ ಸಿಪ್ಪೆ ತುಂಡು ಇಷ್ಟೇ ಸಾಕು."

"ಮರದ ಮೇಲಾ? ಹಾಗಾದರೆ ಬಂದಳಿಕೆ ಅನ್ನಿ" ಎಂದರು ವಕೀಲರು.

"ಅಲ್ಲ. ಬಂದಳಿಕೆ ಮರದ ರಸ ಹೀರುತ್ತದೆ. ಇದು ಬರೀ ಬಾಡಿಗೆದಾರ, ಅಡುಗೆ ತನ್ನದೇ. ದಾಂಡೇಲಿ ಕಡೆ ಮರದಲ್ಲಿ ಸೀತಾಳೆ ದಂಡೆ ನೋಡಿಲ್ವಾ? ಅದೂ ಇದೇ ಕುಟುಂಬದ್ದು."

"ಬಾಡಿಗೆ ಕೊಡುತ್ತದಾ?"

"ಇಲ್ಲ."

"ಹಾಗಾದರೆ ಖಾಲಿ ಮಾಡಿಸಲು ನೋಟಿಸ್ ಕೊಡಬಹುದು."

ಮಾಸ್ತರು ಕಿವಿಗೆ ಹಾಕಿಕೊಳ್ಳಲಿಲ್ಲ. ಪಿಂಗಾಣಿ ಕುಂಡದೊಳಗಿದ್ದ ಪಾರದರ್ಶಕ ಪ್ಲಾಸ್ಟಿಕ್ ಕುಂಡವನ್ನು ಮೇಲೆತ್ತಿದರು. ಕೆಳಗೆ ಎರಡು ಬೆರಳು ನೀರು ನಿಂತಿತ್ತು, ವಾಸನೆ ಬೇರೆ. ತಳದ ಬೇರುಗಳು ಕಂದಾಗಿ ಮೆತ್ತಗಾಗಿದ್ದವು. ಮೇಲಿನವು ಬೆಳ್ಳಗೆ, ಬೆಳ್ಳಿ ಬಣ್ಣಕ್ಕಿದ್ದವು. ಬಾಟಲಿಯಿಂದ ಒಂದು ಬೇರಿನ ಮೇಲೆ ನಾಲ್ಕು ಹನಿ ಬಿಟ್ಟರು. ನೋಡ್ತಾ ನೋಡ್ತಾ ಅದು ಹಸಿರಾಯಿತು! ಅಂಗಡಿಯ ಹುಡುಗ ಕೂಡ ಸೌಟು ಬಿಟ್ಟು ಬಗ್ಗಿ ನೋಡಿದ.

"ಬೇರಿನ ಸುತ್ತ ನೀರು ಹೀರುವ ಪದರ ಇರುತ್ತದೆ. ಹಸಿರಿದ್ದರೆ ಹೊಟ್ಟೆ ತುಂಬಿದೆ, ಬೆಳ್ಳಗಾದರೆ ಬಾಯಾರಿದೆ. ದಿನಾ ನೀರು ಹಾಕ್ತೀರಾ?"

"ಬೆಳಗ್ಗೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ" ಎಂದರು ಸಾಹೇಬರು, ಹೆಮ್ಮೆಯಿಂದ.

"ಇನ್ನು ಮೇಲೆ ವಾರಕ್ಕೊಮ್ಮೆ. ಜುಲೈ ಜಿಟಿಜಿಟಿ ಮಳೆಯಲ್ಲಿ ಅದಕ್ಕಿಂತ ಕಡಿಮೆ, ಏಪ್ರಿಲ್‌ನಲ್ಲಿ ಸ್ವಲ್ಪ ಜಾಸ್ತಿ. ಹಾಕಿದ ನೀರು ಪೂರ್ತಿ ಸೋರಿ ಹೋಗಬೇಕು. ಎಲೆಗಳ ನಡುವಿನ ಸುಳಿಯಲ್ಲಿ ನಿಂತರೆ ಬಟ್ಟೆಯಿಂದ ಒರೆಸಿ. ಬೋರ್ ನೀರು ಬೇಡ, ಉಪ್ಪು ಕಟ್ಟುತ್ತದೆ. ಮಳೆ ನೀರಾದರೆ ಬಹಳ ಛಲೋ, ಇಲ್ಲದಿದ್ದರೆ ನಳದ್ದು."

"ವಾರಕ್ಕೊಮ್ಮೆ ನಳದ ನೀರಾ?" ವಕೀಲರು ಬೆಂಚು ಗುದ್ದಿದರು. "ಅಂದರೆ ಇದು ಅಪ್ಪಟ ಹುಬ್ಬಳ್ಳಿ ಗಿಡ! ನಮ್ಮ ಓಣಿಯಲ್ಲಿ ನಳ ಬರೋದೇ ಹಾಗೆ. ಕೊಡ ತುಂಬಿಸಿದ ಮೇಲೆ ಇದಕ್ಕೊಂದು ತಂಬಿಗೆ. ಕ್ಯಾಲೆಂಡರೂ ಬೇಡ."

ಮಾಸ್ತರ ಮೊದಲಿನ ಪಾಠಕ್ಕಿಂತ ಇದೇ ನನಗೆ ಚೆನ್ನಾಗಿ ನೆನಪುಳಿಯಿತು.

ಸಾಹೇಬರು ಗಿಡವನ್ನು ಟಿವಿ ಮೇಲೆ ಇಟ್ಟಿದ್ದರಂತೆ. ಅದೂ ರದ್ದಾಯಿತು. ಪೂರ್ವದ ಕಿಟಕಿಗೆ ಬಡ್ತಿ, ಮಧ್ಯಾಹ್ನದ ಬಿಸಿಲು ಮಾತ್ರ ತಾಗಬಾರದು. ಎಲೆ ಕಡು ಹಸಿರಾದರೆ ಬೆಳಕು ಸಾಲದು, ಹಳದಿ ತಿರುಗಿದರೆ ಬಿಸಿಲು ಜಾಸ್ತಿ.

"ಈ ಕಡ್ಡಿ ಕಿತ್ತು ಬಿಸಾಡಲಾ?"

"ಹಸಿರು ಇದ್ದರೆ ಗಿಣ್ಣಿಗಿಂತ ಸ್ವಲ್ಪ ಮೇಲಕ್ಕೆ ಕತ್ತರಿಸಿ, ಆ ಗಿಣ್ಣಿನಲ್ಲೇ ಚಿಗುರಬಹುದು. ಒಣಗಿದ್ದರೆ ಬುಡಕ್ಕೆ ಕತ್ತರಿ. ಹೊಸ ಹೂಗೊಂಚಲು ಬೇಕಂದರೆ ಕೆಲವು ವಾರ ತಂಪು ರಾತ್ರಿ ಬೇಕು, 16-18 ಡಿಗ್ರಿ. ನಮ್ಮ ಡಿಸೆಂಬರ್ ಚಳಿ ಪುಕ್ಕಟೆ ಸಿಗುತ್ತದೆ. ಮೊಗ್ಗು ಅರಳಲು ಮತ್ತೆ ಎರಡು ಮೂರು ತಿಂಗಳು. ಯುಗಾದಿ ಹೊತ್ತಿಗೆ ನೋಡೋಣ."

"ಚಳಿಗೆ ಶಾಲು ಹೊದಿಸಲಾ ಅಂತ ಮನೆಯಲ್ಲಿ ಕೇಳ್ತಾರೆ" ಎಂದರು ಸಾಹೇಬರು.

"ನೀವು ಹೊದ್ಕೊಳ್ಳಿ, ಗಿಡಕ್ಕೆ ಬೇಡ."

ಕಾಕಾ ಇನ್ನೂ ಗೊಬ್ಬರದಲ್ಲೇ ಇದ್ದರು. "ಹೊಟ್ಟೆಗೆ ಏನೂ ಹಾಕೋದೇ ಇಲ್ಲೇನ್ರಿ?"

"ಹಾಕೋಣ. 20-20-20 ಅನ್ನೋ ಗೊಬ್ಬರದ ಪುಡಿ ಸಿಗುತ್ತದೆ. ಪೊಟ್ಟಣದ ಮೇಲೆ ಬರೆದ ಅಳತೆಯ ಕಾಲು ಭಾಗ, ಅದೂ ನೀರಲ್ಲಿ ಕರಗಿಸಿ, ಬೇರು ಒದ್ದೆ ಇದ್ದಾಗ."

"ಕಾಲು ಭಾಗಾ?" ಕಾಕಾ ಸಾಹೇಬರ ಕಡೆ ತಿರುಗಿದರು. "ಇದು ನಿಮ್ಮ ಬ್ಯಾಂಕಿನ ಗಿಡವೇ ಬಿಡ್ರಿ. ಇವತ್ತಿನ ಚಹಾ ದುಡ್ಡು ನೀವು ಕೊಡೋದಿಲ್ಲ ಅಂತ ಈಗಲೇ ಗೊತ್ತಾಯ್ತು."