4 ಲೀಟರ್ ಐಸ್‌ಕ್ರೀಮ್ ಡಬ್ಬದಲ್ಲಿ ಎಷ್ಟು ಕೆಜಿ ಇರುತ್ತದೆ?

ಬ್ರಹ್ಮಾವರದ_ಮಾಣಿ:
ಮುಂದಿನ ತಿಂಗಳು ನಮ್ಮ ಮನೆ ಒಕ್ಕಲು. ಊಟಕ್ಕೆ 120 ಜನ. ಐಸ್‌ಕ್ರೀಮ್ ತಲಾ 80 ಗ್ರಾಂ ಹಿಡಿಯಿರಿ ಅಂದರು ಅಡುಗೆಯವರು, ಅಂದರೆ 9.6 ಕೆಜಿ. ಅಂಗಡಿಯಲ್ಲಿ ಕೇಳಿದರೆ ಅಲ್ಲಿ ಎಲ್ಲ ಲೀಟರ್ ಲೆಕ್ಕ, 4 ಲೀಟರಿನ ಡಬ್ಬ. ಹಾಲಿನ ಹಾಗೆ ಲೀಟರ್ ಅಂದರೆ ಹೆಚ್ಚುಕಮ್ಮಿ ಕೆಜಿ ಅಂತ ಹಿಡಿದರೆ 3 ಡಬ್ಬ ಸಾಕು. ಆದರೆ ಫ್ರಿಜ್ಜಲ್ಲಿದ್ದ 1 ಲೀಟರ್ ವೆನಿಲ್ಲಾ ಪ್ಯಾಕನ್ನು ತೂಕಕ್ಕೆ ಇಟ್ಟರೆ ಅರ್ಧ ಕೆಜಿ ಚಿಲ್ಲರೆ ತೋರಿಸುತ್ತಿದೆ. ತಕ್ಕಡಿ ಹಾಳಾಗಿದೆಯಾ, ಪ್ಯಾಕಲ್ಲೇ ಮೋಸವಾ? ಗೊತ್ತಿದ್ದವರು ಹೇಳಿ ಮಾರಾಯ್ರೆ.

ಕುಡ್ಲ_ಪಾರ್ಲರ್:
ತಕ್ಕಡಿ ಸರಿಯಾಗಿಯೇ ಇದೆ. ಉಳಿದದ್ದು ಗಾಳಿ. ಹಾಲು, ಕೆನೆ, ಸಕ್ಕರೆ ಸೇರಿದ ಮಿಕ್ಸ್ ಲೀಟರಿಗೆ ಸುಮಾರು 1.1 ಕೆಜಿ ತೂಗುತ್ತದೆ. ಅದನ್ನು ಮೆಷಿನ್‌ನಲ್ಲಿ ತಿರುಗಿಸುತ್ತಾ ಗಾಳಿ ಸೇರಿಸಿ ಗಟ್ಟಿ ಮಾಡುತ್ತಾರೆ. 1 ಲೀಟರ್ ಮಿಕ್ಸ್ ಉಬ್ಬಿ 2 ಲೀಟರ್ ಆದರೆ ಅದಕ್ಕೆ 100% ಓವರ್‌ರನ್ ಅನ್ನುತ್ತಾರೆ, ಆಗ ಲೀಟರಿಗೆ 550 ಗ್ರಾಂ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಲ್ಲೂ ಮಾಮೂಲಿ ಐಸ್‌ಕ್ರೀಮ್ ಲೀಟರಿಗೆ 525 ಗ್ರಾಂಗಿಂತ ಕಡಿಮೆ ಇರಬಾರದು ಅಂತ ಇರುವುದು. ಹಾಗಾಗಿ ನಿಮ್ಮ ಪ್ಯಾಕ್ ಲೆಕ್ಕಕ್ಕೆ ಸರಿಯಾಗಿದೆ.

ಈಗ ನಿಮ್ಮ ಊಟ. 9.6 ಕೆಜಿಯನ್ನು 0.55ರಿಂದ ಭಾಗಿಸಿ, ಹದಿನೇಳೂವರೆ ಲೀಟರ್ ಹತ್ತಿರ ಬರುತ್ತದೆ. 5 ಡಬ್ಬ ಬೇಕು. 3 ತಂದರೆ ತಲಾ 55 ಗ್ರಾಂ ಮಾತ್ರ.

ಸುಮ್ನೆ_ಕೇಳಿದೆ:
ಅಂದರೆ ಅರ್ಧ ದುಡ್ಡು ಗಾಳಿಗೆ. ಚೆನ್ನಾಗಿದೆ ವ್ಯಾಪಾರ!

ಕುಡ್ಲ_ಪಾರ್ಲರ್:
ಗಾಳಿ ಇಲ್ಲದಿದ್ದರೆ ಚಮಚ ಇಳಿಯುವುದಿಲ್ಲ ಅಣ್ಣ. ಕುಲ್ಫಿ ಯಾಕೆ ಅಷ್ಟು ಗಟ್ಟಿ, ಅದಕ್ಕೆ ಗಾಳಿ ಹೊಡೆಯುವುದಿಲ್ಲ, ಅದಕ್ಕೇ. ಆದರೆ ಒಂದು ಮಾತು ನಿಜ, ಎರಡು ಕಂಪನಿಯ ರೇಟ್ ಹೋಲಿಸುವಾಗ ಲೀಟರ್ ನೋಡಿ ಪ್ರಯೋಜನ ಇಲ್ಲ, ಗ್ರಾಂ ನೋಡಬೇಕು. ಡಬ್ಬದ ಮೇಲೆ ಎರಡೂ ಬರೆದಿದ್ದರೆ ಸುಲಭ. ಗಾಳಿ ಕಡಿಮೆ ಇರುವ ಜೆಲಾಟೊ ತರಹದ್ದು ಲೀಟರಿಗೆ 800 ಗ್ರಾಂ ದಾಟಬಹುದು.

ಕಟಪಾಡಿ_ಅಡುಗೆಮನೆ:
ಮನೆಯಲ್ಲೇ ನೋಡಬೇಕಾದರೆ ಒಂದು ಸ್ಟೀಲ್ ಲೋಟ ಸಾಕು. ಅಂಚಿನವರೆಗೆ ನೀರು ತುಂಬಿ ತೂಗಿ, ಲೋಟದ ತೂಕ ಕಳೆಯಿರಿ. ಎಷ್ಟು ಗ್ರಾಂ ನೀರೋ ಅಷ್ಟು ಎಂಎಲ್ ಲೋಟ. ನೀರು ಚೆಲ್ಲಿ, ಲೋಟ ಒರೆಸಿ, ಈಗ ಐಸ್‌ಕ್ರೀಮ್ ತುಂಬಿ. ಒತ್ತಬೇಡಿ, ಆದರೆ ಮಧ್ಯೆ ಸಂದು ಉಳಿಯಲೂ ಬಾರದು. ಲೋಟ 200 ಎಂಎಲ್, ಐಸ್‌ಕ್ರೀಮ್ 112 ಗ್ರಾಂ ಬಂದರೆ ಲೀಟರಿಗೆ 0.56 ಕೆಜಿ. ಕರಗಿದ ಮೇಲೆ ಅಳೆದರೆ ಲೆಕ್ಕವೇ ತಪ್ಪುತ್ತದೆ. ಗಾಳಿ ಹೋಗಿ ಗಾತ್ರ ಇಳಿದಿರುತ್ತದೆ, ತೂಕ ಮಾತ್ರ ಅಷ್ಟೇ. ನಮ್ಮ ಸೆಕೆಗೆ ಕರಗಲು ಜಾಸ್ತಿ ಹೊತ್ತು ಬೇಡ, ಲೋಟವನ್ನು ಮೊದಲೇ ಫ್ರೀಜರಲ್ಲಿಡಿ.

ಇನ್ನೊಂದು, ಬಡಿಸುವಾಗ ಸ್ಕೂಪ್ ಒತ್ತುವುದರಿಂದ ಸ್ವಲ್ಪ ಗಾಳಿ ಹೋಗುತ್ತದೆ. 60 ಎಂಎಲ್ ಸ್ಕೂಪಲ್ಲಿ 4 ಲೀಟರಿಗೆ 66 ಸ್ಕೂಪ್ ಅಂತ ಕಾಗದದಲ್ಲಿ ಬರುತ್ತದೆ, ಕೈಯಲ್ಲಿ ಅಷ್ಟು ಸಿಗುವುದಿಲ್ಲ.

ಬ್ರಹ್ಮಾವರದ_ಮಾಣಿ:
ಅರ್ಥ ಆಯಿತು. ಆದರೆ ಈಗ ಭಾವ ಹೊಸ ಕ್ಯಾತೆ ತೆಗೆದಿದ್ದಾರೆ, ಗಡ್‌ಬಡ್ ಐಸ್‌ಕ್ರೀಮ್ ಮಾಡುವ ಅಂತ. ಅದಕ್ಕೂ 5 ಡಬ್ಬವಾ?

ಕಟಪಾಡಿ_ಅಡುಗೆಮನೆ:
ಗಡ್‌ಬಡ್‌ಗೆ ತಲಾ ಮೂರು ಸ್ಕೂಪ್ ಆದರೂ ಬೇಕಲ್ವಾ, ಒಂದೊಂದು ಬೇರೆ ರುಚಿ. 180 ಎಂಎಲ್ ಅಂದರೆ 120 ಜನಕ್ಕೆ 21.6 ಲೀಟರ್, ಒತ್ತಿ ಹೋಗುವುದನ್ನೂ ಸೇರಿಸಿ 6 ಡಬ್ಬ, ಬಾಳೆಹಣ್ಣು, ಜೆಲ್ಲಿ, ಗೋಡಂಬಿ ಬೇರೆ. ಅಷ್ಟು ಉದ್ದ ಲೋಟ ಎಲ್ಲಿಂದ ತರುತ್ತೀರಿ, ಯಾರು ತೊಳೆಯುತ್ತಾರೆ ಅಂತ ಭಾವನನ್ನೇ ಕೇಳಿ. ಗಡ್‌ಬಡ್ ಬಿಟ್ಟು 5 ಡಬ್ಬ ಹೇಳಿ, ಅಂಗಡಿಯವರು ಫ್ರೀಜರ್ ಕೊಡುತ್ತಾರಾ ಅಂತ ಇವತ್ತೇ ವಿಚಾರಿಸಿ.