ಬ್ರೋರಾ 1982 ಕುಡಿದೆ, ಹೊಗೆ ಎಲ್ಲಿ ಹೋಯ್ತು?

ಸಂಜೆಗ್ಲಾಸ್:

ಎಲ್ರಿಗೂ ನಮಸ್ಕಾರ. ತುಂಬಾ ವರ್ಷದಿಂದ ಆಸೆಪಡ್ತಿದ್ದ ಬ್ರೋರಾ ಅನ್ನೋ ಸ್ಕಾಚ್ ವಿಸ್ಕಿ ಕೊನೆಗೂ ಸಿಕ್ತು. ಪೂರ್ತಿ ಬಾಟ್ಲಿ ಅಲ್ಲ, ಸ್ನೇಹಿತರೊಬ್ರು ತಮ್ಮ ಬಾಟ್ಲಿ ತೆಗೆದಾಗ ನಂಗೋಸ್ಕರ 30 ಎಂಎಲ್ ಸಣ್ಣ ಶೀಶೆಲಿ ಎತ್ತಿಟ್ಟಿದ್ರು. ರೇರ್ ಮಾಲ್ಟ್ಸ್ ಸೀರೀಸ್‌ದು, 1982ರಲ್ಲಿ ಬಟ್ಟಿ ಇಳಿಸಿದ್ದು, 20 ವರ್ಷ ಪೀಪಾಯಲ್ಲಿದ್ದಿದ್ದು, 58.1 ಪರ್ಸೆಂಟ್ ಆಲ್ಕೋಹಾಲ್, ನೀರು ಸೇರಿಸದೆ ಹಾಗೇ ತುಂಬಿದ್ದು.

ನಿನ್ನೆ ಅದ್ರಲ್ಲಿ ಅರ್ಧ ಗ್ಲಾಸಿಗೆ ಹಾಕ್ಕೊಂಡು ಕೂತೆ. ಬ್ರೋರಾ ಅಂದ್ರೆ ಹೊಗೆ, ದನದ ಕೊಟ್ಟಿಗೆ, ಒದ್ದೆ ಉಣ್ಣೆ ಅಂತೆಲ್ಲ ಓದಿದ್ನಲ್ಲ, ಅದನ್ನೇ ಮನಸ್ಸಲ್ಲಿಟ್ಕೊಂಡು ಮೂಸಿದೆ, ಬಂದಿದ್ದು ಮೇಣ. ಈಗಷ್ಟೇ ಆರಿಸಿದ ಮೇಣದಬತ್ತಿ ಹತ್ರ ಮೂಗಿಟ್ರೆ ಬರುತ್ತಲ್ಲ ಆ ವಾಸ್ನೆ, ಹಿಂದೆ ಜೇನು, ನಿಂಬೆ ಸಿಪ್ಪೆ, ಆಮೇಲೆ ಸ್ವಲ್ಪ ಉಪ್ಪು. ನುಂಗಿದ್ಮೇಲೆ ನಾಲಿಗೆ ಮೇಲೆ ತೆಳ್ಳಗೆ ಒಂದು ಪದರ ಕೂತಂಗಿತ್ತು. ಹೊಗೆ ಮಾತ್ರ ಎಲ್ಲೋ ದೂರದ ಒಲೆಯಿಂದ ತೇಲಿ ಬಂದಷ್ಟು ಅಷ್ಟೇ. ತುಂಬಾ ಇಷ್ಟ ಆಯ್ತು, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಇದು ನಿಜವಾಗ್ಲೂ ಬ್ರೋರಾನೇನಾ ಇಲ್ಲ ನನ್ನ ಮೂಗಿಗೇ ಗೊತ್ತಾಗ್ತಿಲ್ವಾ ಅಂತ ಡೌಟು. ಇನ್ನು 15 ಎಂಎಲ್ ಉಳಿದಿದೆ, ಅದಕ್ಕೆ ನೀರು ಹಾಕ್ಲಾ ಬೇಡ್ವಾ ಗೊತ್ತಿರೋರು ಹೇಳಿ.

ಪೀಪಾಯಿಪುರಾಣ:

ನಿಮ್ಮ ಮೂಗು ಸರಿಯಾಗೇ ಇದೆ ಸರ್. ನೀವು ಓದಿದ್ದು 1972ರ ಸುತ್ತಮುತ್ತಲಿನ ಬ್ರೋರಾ ಬಗ್ಗೆ, ಕುಡಿದಿದ್ದು 1982ರದ್ದು. ಈ ಡಿಸ್ಟಿಲರಿ ವಿಷಯದಲ್ಲಿ ಲೇಬಲ್ ಮೇಲಿನ ಇಸವಿ ನೋಡದೆ ಮಾತಾಡೋಕೇ ಆಗಲ್ಲ.

ಮೊದಲಿಂದ ಹೇಳ್ತೀನಿ. ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಲಿ ಸದರ್ಲೆಂಡ್ ಅನ್ನೋ ಕಡೆ ಬ್ರೋರಾ ಅಂತ ಊರು, ಅಲ್ಲಿ 1819ರಲ್ಲಿ ಈ ಡಿಸ್ಟಿಲರಿ ಕಟ್ಟಿದ್ದು, ಆಗ ಇದರ ಹೆಸರು ಕ್ಲೈನ್‌ಲಿಶ್. 1967ರಲ್ಲಿ ಬೇಡಿಕೆ ಜಾಸ್ತಿ ಆಯ್ತು ಅಂತ ಪಕ್ಕದಲ್ಲೇ ಆರು ಸ್ಟಿಲ್‌ಗಳ (ಬಟ್ಟಿ ಇಳಿಸೋ ತಾಮ್ರದ ಪಾತ್ರೆ) ಹೊಸ ಡಿಸ್ಟಿಲರಿ ಕಟ್ಟಿ ಕ್ಲೈನ್‌ಲಿಶ್ ಹೆಸರನ್ನ ಅದಕ್ಕೇ ಕೊಟ್ಬಿಟ್ರು, ಹಳೇದು 1968ರಲ್ಲಿ ಬಾಗಿಲು ಹಾಕ್ತು. ಅಷ್ಟೊತ್ತಿಗೆ ಪಶ್ಚಿಮದ ಐಲಾ ದ್ವೀಪದಿಂದ ಬರೋ ಹೊಗೆ ವಾಸ್ನೆಯ ಮಾಲ್ಟ್ ವಿಸ್ಕಿಗೆ ಕೊರತೆ ಬಿತ್ತು, ಅಲ್ಲಿ ಮಳೆ ಕಮ್ಮಿಯಾಗಿ ನೀರಿಗೆ ತೊಂದ್ರೆ. ಬೇರೆ ಬೇರೆ ವಿಸ್ಕಿ ಬೆರೆಸಿ ಬ್ಲೆಂಡ್ ಮಾಡೋರಿಗೆ ಹೊಗೆ ಬೇಕೇ ಬೇಕಲ್ಲ. ಹಾಗಾಗಿ 1969ರಲ್ಲಿ ಹಳೇ ಕಟ್ಟಡ ಮತ್ತೆ ತೆಗೆದು, ಎರಡೇ ಸ್ಟಿಲ್ ಇಟ್ಕೊಂಡು, ಬ್ರೋರಾ ಅಂತ ಹೆಸರು ಕೊಟ್ಟು ಜೋರು ಪೀಟ್ (ಜೌಗು ನೆಲದಿಂದ ಅಗೆದು ಉರಿಸೋ ಮಣ್ಣು) ಹೊಗೆ ಹಾಕಿದ ಮಾಲ್ಟ್ (ಮೊಳಕೆ ಬಾರ್ಲಿ) ಬಟ್ಟಿ ಇಳಿಸೋಕೆ ಶುರು ಮಾಡಿದ್ರು. ಅದರ ಮೇಲೆ 1972ರಲ್ಲಿ ಐಲಾದ ಕೂಲ್ ಈಲಾ ಡಿಸ್ಟಿಲರಿನೂ ಕೆಡವಿ ಹೊಸದಾಗಿ ಕಟ್ಟೋಕೆ ಶುರು ಮಾಡಿದ್ರು. 1973ರ ತನಕ ಇಲ್ಲಿ ಹಾಗೇ ನಡೀತು, ಎಲ್ಲರೂ ಹೊಗಳೋ ಕಟು ಬ್ರೋರಾ ಆ ಕಾಲದ್ದು. ಐಲಾ ಸುಧಾರಿಸಿಕೊಂಡ ಮೇಲೆ ಇಲ್ಲಿ ಪೀಟ್ ಇಳೀತು, ಮಧ್ಯೆ ಮಧ್ಯೆ ಒಂದೊಂದು ಬ್ಯಾಚ್ ಜೋರಾಗಿ ಮಾಡಿದ್ದು ಬಿಟ್ರೆ. 1983ರಲ್ಲಿ ಮುಚ್ಚೇ ಹೋಯ್ತು. ನಿಮ್ಮ ಶೀಶೆಲಿರೋದು ಹೆಚ್ಚುಕಮ್ಮಿ ಕೊನೇ ವರ್ಷದ ಮಾಲು ಸರ್, ನಂಗಂತೂ ಹೊಗೆ ಬ್ರೋರಾಗಿಂತ ಇದೇ ಹೆಚ್ಚು ಹತ್ರ.

ಹನಿಹನಿ:

ಮೇಣದ ಬಗ್ಗೆ ಯಾರೂ ಹೇಳ್ಲಿಲ್ವಲ್ಲ, ನಾನು ಹೇಳ್ತೀನಿ. ಅದು ಪೀಪಾಯಿಂದ ಬರೋದಲ್ಲ ಕಣ್ರೀ, ಬಟ್ಟಿ ಇಳಿದು ಬರೋ ಸ್ಪಿರಿಟ್‌ನಲ್ಲೇ ಇರೋದು. ಪಕ್ಕದ ಕ್ಲೈನ್‌ಲಿಶ್‌ನಲ್ಲಿ ಎರಡನೇ ಬಟ್ಟಿಗೆ ಮುಂಚೆ ದ್ರವ ಶೇಖರಿಸಿಡೋ ಟ್ಯಾಂಕ್‌ಗಳಿರ್ತಾವೆ, ಅವುಗಳ ಒಳಗೋಡೆಗೆ ಕಾಲಕ್ರಮೇಣ ಎಣ್ಣೆಯಂಥ ಜಿಡ್ಡು ಕಟ್ಕೊಳ್ಳುತ್ತೆ. ಒಂದ್ಸಲ ಅದನ್ನ ಚೆನ್ನಾಗಿ ಉಜ್ಜಿ ತೊಳೆದ್ರಂತೆ, ತಗೋ, ವಿಸ್ಕಿಲಿದ್ದ ಮೇಣವೇ ಮಾಯ! ಅದಾದ್ಮೇಲೆ ಆ ಜಿಡ್ಡನ್ನ ಜೋಪಾನ ಮಾಡ್ತಾರೆ. ಬ್ರೋರಾದ್ದು ಅದೇ ಊರು, ಅದೇ ನೀರು, ಅದೇ ರೀತಿ ಭಾರವಾದ ಸ್ಪಿರಿಟ್. ಆವಿ ತಣಿಸೋಕೆ ನೀರಿನ ತೊಟ್ಟಿಲಿ ಸುರುಳಿ ಸುತ್ತಿದ ತಾಮ್ರದ ಕೊಳವೆ ಬಳಸ್ತಿದ್ರು, ಅದ್ರಲ್ಲಿ ಆವಿಗೆ ತಾಮ್ರದ ಸಂಪರ್ಕ ಕಮ್ಮಿ, ಹಾಗಾಗಿ ಸ್ಪಿರಿಟ್ ದಪ್ಪಗೆ ಬರುತ್ತೆ. ಪೀಟ್ ಇಳಿದಾಗ ಕೆಳಗಿದ್ದ ಮೇಣ ಮೇಲೆ ಕಾಣ್ತು, ಅಷ್ಟೇ.

ನೀರಿನ ವಿಷ್ಯ: ಹಾಕಿ, ಆದ್ರೆ ಹನಿ ಲೆಕ್ಕದಲ್ಲಿ. 58 ಪರ್ಸೆಂಟ್ ಅಂದ್ರೆ ಮೂಗು ಮರಗಟ್ಟಿಸುತ್ತೆ. 2017ರಲ್ಲಿ ಸ್ವೀಡನ್ನಿನ ಲಿನಿಯಸ್ ಯೂನಿವರ್ಸಿಟಿಯೋರು ಕಂಪ್ಯೂಟರಲ್ಲಿ ಲೆಕ್ಕ ಹಾಕಿ ನೋಡಿದ್ರು, ಹೊಗೆ ವಾಸ್ನೆ ಕೊಡೋ ಗ್ವಾಯಕಾಲ್ ಅನ್ನೋ ಅಣು ಆಲ್ಕೋಹಾಲ್ ಜಾಸ್ತಿ ಇದ್ದಾಗ ದ್ರವದ ಒಳಗೇ ಉಳ್ಕೊಳ್ಳುತ್ತೆ, ನೀರು ಬೆರೆಸಿದ್ರೆ ಮೇಲ್ಮೈ ಹತ್ರ ಬರುತ್ತೆ ಅಂತ. ನೀವು ಹುಡುಕ್ತಿರೋ ಹೊಗೆ ಅಲ್ಲೇ ಇರಬಹುದು. ಗ್ಲಾಸಿಗೆ ಹಾಕಿ ಇಪ್ಪತ್ತು ನಿಮಿಷ ಮುಟ್ಟದೆ ಬಿಡಿ, ಮೂಸಿ, ಒಂದು ಗುಟುಕು ಹಾಗೇ ಕುಡೀರಿ, ಆಮೇಲೆ ಎರಡು ಹನಿ ನೀರು. ಐಸ್ ಮಾತ್ರ ದಯವಿಟ್ಟು ಬೇಡ.

ಮಾಲ್ಟ್‌ಮರುಳ:

ಮೇಲಿನವರು 1819 ಅಂದ್ರು, ಆ ಇಸವಿ ಬಗ್ಗೆ ಒಂದು ಮಾತು ಸೇರಿಸ್ದಿದ್ರೆ ನಂಗೆ ಸಮಾಧಾನ ಆಗಲ್ಲ. ಡಿಸ್ಟಿಲರಿ ಕಟ್ಟಿಸಿದ್ದು ಮಾರ್ಕ್ವೆಸ್ ಆಫ್ ಸ್ಟಾಫರ್ಡ್, ಆಮೇಲೆ ಡ್ಯೂಕ್ ಆಫ್ ಸದರ್ಲೆಂಡ್ ಆದವನು. ಕುರಿ ಸಾಕಿದ್ರೆ ಲಾಭ ಅಂತ ಒಳನಾಡಿನ ಕಣಿವೆಗಳಿಂದ ಗೇಣಿದಾರರನ್ನ ಸಾವಿರಗಟ್ಟಲೆ ಒಕ್ಕಲೆಬ್ಬಿಸಿ ಸಮುದ್ರದ ದಡಕ್ಕೆ ತಳ್ಳಿದ್ದು ಇದೇ ಜಹಗೀರು, ಸ್ಟ್ರಾತ್‌ನೇವರ್ ಕಣಿವೇನ ದೊಡ್ಡ ಮಟ್ಟದಲ್ಲಿ ಖಾಲಿ ಮಾಡಿಸಿದ್ದೂ 1819ರಲ್ಲೇ. ಹಂಗೆ ಬಂದೋರು ಬೆಳೆದ ಬಾರ್ಲಿಗೆ ಗಿರಾಕಿ ಬೇಕಲ್ಲ, ಅದಕ್ಕೆ ಡಿಸ್ಟಿಲರಿ. ಊರಲ್ಲೇ ಕಲ್ಲಿದ್ದಲು ಗಣಿ ಇತ್ತು, ಉಳಿದ ಹಿಂಡಿ ಹಂದಿಗಳಿಗೆ ಮೇವು. ಲೆಕ್ಕಾಚಾರ ಪಕ್ಕಾ, ಆದ್ರೆ ಮನೆ ಕಳ್ಕೊಂಡವರ ಲೆಕ್ಕ ಅದ್ರಲ್ಲಿ ಬರಲಿಲ್ಲ. ನಾನು ಈ ವಿಸ್ಕಿನ ಪ್ರೀತಿಯಿಂದ್ಲೇ ಕುಡೀತೀನಿ, ಆದ್ರೆ ಕುಡಿಯೋವಾಗ ಆ ಜನ ನೆನಪಾಗ್ಲೇಬೇಕು ಅನ್ಸುತ್ತೆ.

ಇನ್ನೊಂದು ಖುಷಿ ಸುದ್ದಿ, 2021ರ ಮೇ ತಿಂಗಳಲ್ಲಿ ಬ್ರೋರಾ ಮತ್ತೆ ಶುರುವಾಯ್ತು. ಹಳೇ ಎರಡು ಸ್ಟಿಲ್‌ಗಳನ್ನೇ ರಿಪೇರಿ ಮಾಡಿಸಿ ತಂದು ಕೂರಿಸಿದ್ದಾರೆ.

ಸಂಜೆಗ್ಲಾಸ್:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಹನಿಹನಿ ಅವ್ರು ಹೇಳ್ದಂಗೇ ಮಾಡಿದೆ. ಇಪ್ಪತ್ತು ನಿಮಿಷಕ್ಕೆ ಜೇನು ಇನ್ನೂ ಚೆನ್ನಾಗಿ ಬಿಚ್ಕೊಳ್ತು. ಆಮೇಲೆ ಚಮಚದ ತುದಿಯಿಂದ ಎರಡು ಹನಿ ನೀರು ಬಿಟ್ಟೆ, ಗ್ಲಾಸಲ್ಲಿ ಎಣ್ಣೆ ಎಳೆ ಥರ ಸುರುಳಿ ಸುತ್ತಿ ಕರಗಿತು, ಮೂಸಿದ್ರೆ ಹೊಗೆ ಬಂತು! ಜೋರಾಗೇನಿಲ್ಲ, ಬೆಂಕಿ ಆರಿದ ಮಾರನೇ ಬೆಳಗ್ಗೆಯ ಬೂದಿ ಥರ, ಜೊತೆಗೆ ಕಡಲ ಗಾಳಿ. ಮೇಣ ಮಾತ್ರ ಹಾಗೇ ಕೂತಿತ್ತು. ಖಾಲಿ ಗ್ಲಾಸ್ ರಾತ್ರಿ ತೊಳೀಲಿಲ್ಲ, ಬೆಳಗ್ಗೆ ಎದ್ದು ಮೂಸಿದಾಗ್ಲೂ ಇತ್ತು.