ಪುಟ್ಟಿ ನೀಟ್ ವಿಷಯ, ಸ್ವಲ್ಪ ಉದ್ದ ಆಯ್ತು

ಹಾಂ, ಕೇಳಿಸ್ತಿದೆಯಾ? ಟೈಪ್ ಮಾಡೋಣ ಅಂದ್ರೆ ಕನ್ನಡಕ ಎಲ್ಲಿಟ್ಟಿದೀನೋ, ಬಾಯಲ್ಲೇ ಹೇಳಿಬಿಡ್ತೀನಿ. ಬೆಳಿಗ್ಗೆ ನೀನು ಹಾಕಿದ್ದು ಈಗ ನೋಡ್ದೆ ಕಣಮ್ಮ. ನೀಟ್‌ಗೆ ಇನ್ನು 28 ದಿನ, ಪುಟ್ಟಿ ಫಿಸಿಕ್ಸ್ ಅರ್ಧಾನೂ ಮುಗಿಸಿಲ್ಲ, ರಾತ್ರಿ ಎಲ್ಲ ಅಳ್ತಾಳೆ, ತುಮಕೂರಲ್ಲಿ ಕ್ರ್ಯಾಶ್ ಕೋರ್ಸಿಗೆ ಸೇರಿಸೋದಾ, ಪಕ್ಕದ ಮನೆಯವರು ಮಗನ ಗೈಡೆಲ್ಲ ಕೊಡ್ತೀವಿ ಅಂತಿದಾರೆ ಇಸ್ಕೊಳ್ಳೋದಾ ಅಂತ ಕೇಳಿದೀಯ.

ಇಸ್ಕೋಬೇಡ. ಈ ಗಳಿಗೇಲಿ ಮನೆಯೊಳಗೆ ಹೊಸ ಪುಸ್ತಕ ಬಿಟ್ಕೋಬೇಡ. ಯಾಕೆ ಅಂತ ಅಣ್ಣಂಗೆ ಗೊತ್ತು, ಚಿಕ್ಕಮ್ಮಂಗೂ ಗೊತ್ತು. ನೀನಿನ್ನೂ ನಮ್ಮನೆಗೆ ಬಂದಿರ್ಲಿಲ್ಲ ಆಗ.

ನಾನು ಸಿಇಟಿ ಬರೆದ ವರ್ಷ. ಆಗ ನೀಟ್ ಎಲ್ಲಿತ್ತು, ಮೆಡಿಕಲ್ಲಿಗೂ ಸಿಇಟಿಯೇ. ನನ್ನ ಹತ್ರ ಇದ್ದಿದ್ದು ಕಾಲೇಜಿನ ಟೆಕ್ಸ್ಟ್ ಬುಕ್ಕು, ಜುವಾಲಜಿ ಮೇಷ್ಟ್ರು ಬರೆಸಿದ್ದ ನೋಟ್ಸು, ಅಷ್ಟೇ. ಅದನ್ನೇ ಹಿತ್ತಲ ಜಗಲಿ ಮೇಲೆ ಕೂತು ತಿರುವಿ ಹಾಕ್ತಿದ್ದೆ. ಪರೀಕ್ಷೆಗೆ ಹದಿನೈದು ದಿನ ಇದೆ ಅನ್ನೋವಾಗ ಬೆಂಗಳೂರಿಂದ ಮಾವ ಬಂದ್ರು, ಒಂದು ಚೀಲದ ತುಂಬ ಗೈಡು. ಪಾಪ, ಒಳ್ಳೇದಕ್ಕೇ ತಂದಿದ್ದು. ಅಪ್ಪ ಅಂತೂ ಆ ಚೀಲ ನೋಡಿ ಸೀಟೇ ಸಿಕ್ಕಿಬಿಡ್ತು ಅನ್ನೋ ಹಾಗೆ ಊರೆಲ್ಲ ಹೇಳ್ಕೊಂಡು ಬಂದ್ರು. ನಾನು ನೋಟ್ಸ್ ಮೂಲೆಗಿಟ್ಟು ಗೈಡ್ ಹಿಡ್ಕೊಂಡೆ. ಒಂದು ಪುಸ್ತಕದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ.

ನಮ್ಮ ಮೇಷ್ಟ್ರು ಬೋರ್ಡ್ ಮೇಲೆ ಹೃದಯ ಬರೆದು, ಬಲಗಡೆ ಟ್ರೈಕಸ್ಪಿಡ್ ಕವಾಟ, ಮೂರು ಎಸಳು, ಎಡಗಡೆ ಬೈಕಸ್ಪಿಡ್, ಎರಡು ಎಸಳು, ಅಂತ ಬೆರಳು ಮಡಚಿ ತೋರಿಸ್ತಿದ್ರು. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಿದ್ದೆ. ಗೈಡಲ್ಲಿ ಅದು ಉಲ್ಟಾ ಅಚ್ಚಾಗಿತ್ತು. ಓದುವಾಗ ಏನೋ ಸರಿಯಿಲ್ವಲ್ಲ ಅಂತ ಅನ್ನಿಸಿತ್ತು, ಆದ್ರೆ ಬೆಂಗಳೂರು ಪುಸ್ತಕ ಅಲ್ವಾ, ತಪ್ಪಿರುತ್ತಾ! ಪರೀಕ್ಷೇಲಿ ಅದೇ ಪ್ರಶ್ನೆ ಬಂತು ನೋಡು, ಟ್ರೈಕಸ್ಪಿಡ್ ಯಾವ ಕಡೆ ಅಂತ. ಬಲಗಡೆ ಅಂತ ತುಂಬೋಕೆ ಹೋದೆ, ಗೈಡಿನ ಪುಟ ಕಣ್ಮುಂದೆ ಬಂತು, ಎಡಗಡೆ ತುಂಬಿದೆ. ಅದೊಂದು ಹೋದ್ರೆ ಹೋಗ್ಲಿ. ಅಲ್ಲಿಂದ ಮುಂದಕ್ಕೆ ಗೊತ್ತಿರೋದರ ಮೇಲೂ ಅನುಮಾನ ಶುರುವಾಯ್ತಲ್ಲ, ಅದು ನನ್ನ ಮುಳುಗಿಸ್ತು. ಮೆಡಿಕಲ್ ಸೀಟಿನ ಹತ್ರಾನೂ ಹೋಗ್ಲಿಲ್ಲ ರ‍್ಯಾಂಕು. ಇವತ್ತಿಗೂ ಹತ್ತನೇ ಕ್ಲಾಸಿಗೆ ಹೃದಯದ ಪಾಠ ಮಾಡುವಾಗ ಬಲಗೈ ಎತ್ತಿ ನೋಡ್ಕೊಂಡೇ ಹೇಳೋದು ನಾನು.

ಅದಕ್ಕೇ ಮತ್ತೆ ಹೇಳ್ತೀನಿ, ಹೊಸ ಪುಸ್ತಕ ಬೇಡ. ಯಾರು ಪುಕ್ಕಟೆ ಕೊಟ್ರೂ ಬೇಡ.

ಇನ್ನೊಂದು ವರ್ಷ ಕೂತು ಬರೀತೀನಿ ಅಂತ ಅಪ್ಪನ ಹತ್ರ ಎಷ್ಟು ಕೇಳ್ಕೊಂಡೆ. ಹೆಣ್ಣು ಹುಡುಗಿ, ವಯಸ್ಸು ಮೀರಿದ್ರೆ ಗಂಡು ಎಲ್ಲಿ ತರೋದು ಅಂದ್ರು. ಅಣ್ಣಂಗೆ? ಅವನು ಎರಡು ಸಲ ಕೂತ, ಎರಡು ಸಲಾನೂ ಆಗ್ಲಿಲ್ಲ. ಆಮೇಲೆ ಡೊನೇಶನ್ ಕಟ್ಟೋಕೆ ಕೆರೆ ಕೆಳಗಿನ ತೆಂಗಿನ ತೋಟ ಹೋಯ್ತು. ಆ ತೋಟದ ಕಾಯಿ ಈಗ ಏನು ರೇಟು ಅಂತ ಲೆಕ್ಕ ಹಾಕು ಅಣ್ಣ, ಗ್ರೂಪಲ್ಲೇ ಇದೀಯಲ್ಲ. ಬ್ಲೂ ಟಿಕ್ ಬರುತ್ತೆ, ಮಾತು ಬರಲ್ಲ ನಿನ್ನಿಂದ, ನಂಗೊತ್ತು. ಜಗಳಕ್ಕೆ ಹೇಳ್ತಿಲ್ಲ. ಆದ್ರೆ ಪುಟ್ಟಿಗೆ ಈ ಸಲ ಆಗ್ಲಿಲ್ಲ ಅಂದ್ರೆ ಇನ್ನೊಂದು ವರ್ಷ ಕೂರ್ಸಿ. ಆಗ ಯಾರಾದ್ರೂ ಗಂಡಿನ ಮಾತು ಎತ್ತಿದ್ರೆ ನಾನೇ ಬಂದು ಬಾಗಿಲಲ್ಲಿ ಕೂತ್ಕೊಳ್ತೀನಿ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರಾನೇ ಹೇಳ್ಲಿಲ್ಲ. ಕ್ರ್ಯಾಶ್ ಕೋರ್ಸ್ ಬೇಡ. ತುಮಕೂರಿಗೆ ಹೋಗಿ ಬರೋಕೇ ದಿನಕ್ಕೆ ಕಮ್ಮಿ ಅಂದ್ರೂ ಮೂರು ಗಂಟೆ ಹೋಗುತ್ತೆ. ಒಟ್ಟು 180 ಪ್ರಶ್ನೇಲಿ 90 ಬಯಾಲಜಿದೇ, 720ಕ್ಕೆ 360. ಫಿಸಿಕ್ಸ್ 45 ಅಷ್ಟೇ. ಹಾಗಾಗಿ ಬೆಳಿಗ್ಗೆ ಬಯಾಲಜಿ, ಎನ್‌ಸಿಇಆರ್‌ಟಿ ಪುಸ್ತಕ ಸಾಲು ಸಾಲು, ಚಿತ್ರದ ಕೆಳಗಿರೋ ಬರಹಾನೂ ಬಿಡದೆ. ಬೇರೆ ಕೊಳ್ಳೋದು ಬೇಡ, ಪಿಯು ಕಾಲೇಜಲ್ಲಿ ಓದಿದ್ದು ಅದೇ ತಾನೇ. ಫಿಸಿಕ್ಸಲ್ಲಿ ಅರ್ಧಂಬರ್ಧ ಬರೋ ಪಾಠ ಗಟ್ಟಿ ಮಾಡ್ಕೊಳ್ಲಿ, ಸೆಮಿಕಂಡಕ್ಟರ್, ಕರೆಂಟು, ಅಂಥವು. ಮುಟ್ಟೇ ಇಲ್ಲದ್ದು ಬಿಟ್ಟುಬಿಡ್ಲಿ. ಮಧ್ಯಾಹ್ನ ಎರಡರಿಂದ ಐದು, ಪರೀಕ್ಷೆ ಟೈಮಿಗೇ, ಹಳೇ ಪೇಪರ್ ಬರೀಲಿ. ಊಟ ಆದ್ಮೇಲೆ ಮಲಗೋ ಅಭ್ಯಾಸ ಇದೆ ಅವಳಿಗೆ, ಬಿಡ್ಸು. 2025ರಿಂದ ಚಾಯ್ಸ್ ಇಲ್ಲ, 180 ನಿಮಿಷಕ್ಕೆ 180 ಪ್ರಶ್ನೆ. ಸರಿ ಆದ್ರೆ ನಾಲ್ಕು, ತಪ್ಪಾದ್ರೆ ಒಂದು ಕಟ್, ಬಿಟ್ರೆ ಏನೂ ಇಲ್ಲ. ಪೂರ್ತಿ ಗೊತ್ತಿಲ್ಲದ್ದನ್ನ ಬಿಡೋದು ಕಲೀಲಿ.

ಹಾಂ, ಇದು ಮುಖ್ಯ, ಮರೆತೇ ಹೋಗಿತ್ತು. ಪುಟ್ಟಿ ಒಂದರಿಂದ ಹತ್ತರ ತನಕ ನಮ್ಮೂರ ಕನ್ನಡ ಶಾಲೇಲೇ ಓದಿದ್ದು. ಗ್ರಾಮೀಣ ಕೋಟಾ 15 ಪರ್ಸೆಂಟು, ಕನ್ನಡ ಮಾಧ್ಯಮಕ್ಕೆ 5 ಪರ್ಸೆಂಟು ಇದೆ. ರಾಜ್ಯದ ಸೀಟಿಗೆ ಅಂತ ತುಂಬಿದ ಸಿಇಟಿ ಅರ್ಜೀಲಿ ಹಾಕಿದೀರ ಸರಿ, ಆ ಎರಡು ಸರ್ಟಿಫಿಕೇಟಿಗೆ ಬಿಇಒ, ಅದೇ ತಾಲ್ಲೂಕಿನ ಶಿಕ್ಷಣಾಧಿಕಾರಿ, ಅವರ ಸಹಿ ಆಗಿದೆಯಾ? ಒರಿಜಿನಲ್ ಕೈಲಿದೆಯಾ? ಇಲ್ಲ ಅಂದ್ರೆ ಸೋಮವಾರ ತಮ್ಮನ್ನ ಕಳ್ಸು. ಬೆಳಿಗ್ಗೇನೇ ಹೋಗ್ಲಿ, ಮಧ್ಯಾಹ್ನ ಹೋದ್ರೆ ಸಾಹೇಬ್ರು ಮೀಟಿಂಗಲ್ಲಿರ್ತಾರೆ. ಕುಕ್ಕರ್ ಕೂಗ್ತಿದೆ, ಇಡ್ತೀನಿ.